ಬರೆಯೋದು ಎಲ್ಲಿ, ಸೇರೋದು ಯಾರ ಜೊತೆ? ಪ್ರಗತಿಪರ ರಾಜಕೀಯ ಬರಹಕ್ಕೆ ಜಾಗ ಹುಡುಕುವವರಿಗೆ

ರಾಜಕೀಯದ ಬಗ್ಗೆ ಬರೆಯಬೇಕು ಅಂತ ಹೊರಟವರು ಮೊದಲು ಕೇಳುವುದು ಇದನ್ನೇ: ಎಲ್ಲಿ ಬರೆಯಲಿ? ಸ್ವಂತ ಬ್ಲಾಗು ತೆರೆಯಲಾ, ಜನ ಆಗಲೇ ಸೇರಿರುವ ಸಮುದಾಯ ತಾಣಕ್ಕೆ ಹೋಗಲಾ, ಇಮೇಲ್ ಪತ್ರ ಶುರು ಮಾಡಲಾ, ಇಲ್ಲಾ ಸೋಶಿಯಲ್ ಮೀಡಿಯಾದಲ್ಲೇ ಬರೆದುಕೊಂಡು ಇರಲಾ? ನಾನು ಈ ನಾಲ್ಕೂ ಕಡೆ ವರ್ಷಗಟ್ಟಲೆ ಬರೆದಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರಹದ ಮೂಲ ಪ್ರತಿ ನಿಮ್ಮ ಸ್ವಂತ ಜಾಗದಲ್ಲಿ ಇರಲಿ. ಆದರೆ ನಿಮ್ಮ ಹೊತ್ತು ಮಾತ್ರ ಸಮುದಾಯದಲ್ಲಿ ಕಳೆಯಲಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ನಿಮಗೆ ಬೇರೆಯೇ ಸರಿ ಅನ್ನಿಸಿದರೆ ಅದನ್ನೇ ಆರಿಸಿಕೊಳ್ಳಿ.

ಇಲ್ಲಿ ಬರುವ ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು. ಅದಕ್ಕೆ ಕಾರಣ ಇದೆ. ಬ್ಲಾಗು ಬರೆಯುವವರು, ಓದುವವರು, ಚಂದಾ ಕೊಡುವವರು, ಮನೆ ಮನೆಗೆ ಹೋಗಿ ಮತ ಕೇಳುವವರು ಎಲ್ಲರೂ ಒಂದೇ ಗುಂಪಾಗಿ ಬೆಳೆದದ್ದು ಅಲ್ಲಿ, 2000ದ ನಂತರದ ಮೊದಲ ಹತ್ತು ವರ್ಷಗಳಲ್ಲಿ. ಆ ಗುಂಪಿಗೆ ನೆಟ್‌ರೂಟ್ಸ್ ಅನ್ನುವ ಹೆಸರು ಚಾಲ್ತಿಗೆ ಬಂದದ್ದೂ ಆಗಲೇ. ಅವರು ಗೆದ್ದದ್ದು, ಎಡವಿದ್ದು ಎರಡೂ ದಾಖಲಾಗಿವೆ. ಇವತ್ತು ಎಲ್ಲೇ ಕುಳಿತು ಬರೆಯುವವರಿಗೂ ಅದರಲ್ಲಿ ಕಲಿಯುವುದು ಇದೆ.

ಸ್ವಂತ ಬ್ಲಾಗು

ಸ್ವಂತ ಬ್ಲಾಗಿನ ದೊಡ್ಡ ಲಾಭ, ಅದು ನಿಮ್ಮದು. ಏನು ಬರೆಯಬೇಕು, ಎಷ್ಟು ಉದ್ದ ಬರೆಯಬೇಕು, ಯಾವ ಕಮೆಂಟು ಉಳಿಯಬೇಕು ಅಂತ ಬೇರೆ ಯಾರೂ ಹೇಳುವುದಿಲ್ಲ. ಹತ್ತು ವರ್ಷದ ಹಿಂದೆ ಬರೆದದ್ದು ಅದೇ ವಿಳಾಸದಲ್ಲಿ ಸಿಗುತ್ತದೆ. ರಾಜಕೀಯ ಬರಹಕ್ಕೆ ಇದು ತುಂಬ ಮುಖ್ಯ. ಒಬ್ಬ ಶಾಸಕರು ಐದು ವರ್ಷದ ಹಿಂದೆ ಏನು ಹೇಳಿದ್ದರು, ಈಗ ಏನು ಹೇಳುತ್ತಿದ್ದಾರೆ ಅಂತ ತೋರಿಸಬೇಕಾದರೆ ಹಳೆಯ ಪುಟ ಕೈಗೆ ಸಿಗಬೇಕು ಅಲ್ವಾ?

ಒಬ್ಬರೇ ಶುರು ಮಾಡಿದ ಬ್ಲಾಗು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಟಾಕಿಂಗ್ ಪಾಯಿಂಟ್ಸ್ ಮೆಮೊ ಒಳ್ಳೆಯ ಉದಾಹರಣೆ. ಜಾಶ್ ಮಾರ್ಷಲ್ ಅದನ್ನು 2000ದಲ್ಲಿ ಶುರು ಮಾಡಿದರು. 2002ರ ಡಿಸೆಂಬರ್‌ನಲ್ಲಿ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ರಿಪಬ್ಲಿಕನ್ ಪಕ್ಷದ ನಾಯಕರಾಗಿದ್ದ ಟ್ರೆಂಟ್ ಲಾಟ್ ಒಂದು ಸಮಾರಂಭದಲ್ಲಿ ಮಾತಾಡುತ್ತಾ, 1948ರಲ್ಲಿ ಜನಾಂಗ ಪ್ರತ್ಯೇಕತೆಯ ಪರವಾಗಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಸ್ಟ್ರಾಮ್ ಥರ್ಮಂಡ್ ಅವರನ್ನು ಹೊಗಳಿದರು. ದೊಡ್ಡ ಪತ್ರಿಕೆಗಳು ಮೊದಲು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಮಾರ್ಷಲ್ ಮತ್ತು ಬೇರೆ ಕೆಲವು ಬ್ಲಾಗಿಗರು ದಿನವೂ ಅದನ್ನೇ ಬರೆದರು, ಲಾಟ್ ಅವರ ಹಳೆಯ ಮಾತುಗಳನ್ನು ಹುಡುಕಿ ತೆಗೆದರು. ಅದೇ ತಿಂಗಳ 20ರಂದು ಲಾಟ್ ನಾಯಕ ಸ್ಥಾನ ಬಿಟ್ಟರು.

ಇನ್ನೊಂದು ಘಟನೆ ನನಗೆ ಇದಕ್ಕಿಂತ ಹೆಚ್ಚು ಇಷ್ಟ. 2007ರ ಮಾರ್ಚ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಕೆಲವು ಸರ್ಕಾರಿ ವಕೀಲರನ್ನು ವಜಾ ಮಾಡಿದ ವಿಷಯಕ್ಕೆ ಸಂಬಂಧಿಸಿದ ಸುಮಾರು 3000 ಪುಟ ಕಾಗದಗಳನ್ನು ಒಟ್ಟಿಗೇ ಬಿಡುಗಡೆ ಮಾಡಿತು. ಅಷ್ಟನ್ನು ಒಂದು ಸಣ್ಣ ತಂಡ ಬೇಗ ಓದಿ ಮುಗಿಸುವ ಮಾತೇ ಇಲ್ಲ. ಮಾರ್ಷಲ್ ಅವರ ತಂಡ ಓದುಗರನ್ನೇ ಕರೆಯಿತು. ಓದುಗರು ಪುಟಗಳನ್ನು ಹಂಚಿಕೊಂಡರು. ತಮ್ಮ ಪಾಲಿನ ಪುಟಗಳಲ್ಲಿ ಕಂಡದ್ದನ್ನು ಪುಟ ಸಂಖ್ಯೆ ಸಮೇತ ಕಮೆಂಟಿನಲ್ಲಿ ಬರೆದರು. ಆ ವರ್ಷ ಆಗಸ್ಟ್‌ನಲ್ಲಿ ಆ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಆಲ್ಬರ್ಟೊ ಗೊನ್ಸಾಲೆಸ್ ರಾಜೀನಾಮೆ ಘೋಷಿಸಿದರು. 2008ರಲ್ಲಿ ಈ ವರದಿಗಾರಿಕೆಗೆ ಜಾರ್ಜ್ ಪೋಲ್ಕ್ ಪ್ರಶಸ್ತಿ ಬಂತು. ಗಮನಿಸಿ, ಜಾಗ ಬ್ಲಾಗಿನದೇ. ಆದರೆ ಕೆಲಸ ಆಗಿದ್ದು ಓದುಗರ ಬಳಗ ಇದ್ದದ್ದರಿಂದ.

ಸ್ವಂತ ಬ್ಲಾಗಿನ ಕಷ್ಟ ಇರುವುದೂ ಇಲ್ಲೇ. ಶುರುವಿನಲ್ಲಿ ಓದುಗರು ಇರುವುದಿಲ್ಲ. ಮೊದಲ ಆರು ತಿಂಗಳು ಎಷ್ಟೇ ಚೆನ್ನಾಗಿ ಬರೆದರೂ ಓದುವವರು ನಿಮ್ಮ ಗೆಳೆಯರು ನಾಲ್ಕು ಜನ. ಹಿಂದೆ ಬ್ಲಾಗುಗಳನ್ನು ಒಂದೇ ಕಡೆ ಓದಲು ಗೂಗಲ್ ರೀಡರ್ ಇತ್ತು, ಅದನ್ನು 2013ರ ಜುಲೈನಲ್ಲಿ ಮುಚ್ಚಿದರು. ತಾಣದ ಹೊಸ ಬರಹಗಳನ್ನು ತಾನಾಗಿ ಓದುಗರಿಗೆ ತಲುಪಿಸುವ ಆರ್‌ಎಸ್‌ಎಸ್ ಫೀಡ್ ಇವತ್ತಿಗೂ ಕೆಲಸ ಮಾಡುತ್ತದೆ, ಆದರೆ ಬಳಸುವವರು ಕಡಿಮೆ. ಹೀಗಾಗಿ ಓದುಗರನ್ನು ನೀವೇ ಹೋಗಿ ಕರೆತರಬೇಕು.

ಸ್ವಂತ ಅಂದರೆ ಎಷ್ಟು ಸ್ವಂತ ಅನ್ನುವುದನ್ನೂ ನೋಡಿಕೊಳ್ಳಿ. ಬೇರೆಯವರ ಸೇವೆಯಲ್ಲಿ ಬ್ಲಾಗು ಮಾಡಿದರೆ ಆ ಸೇವೆ ಮುಚ್ಚಿದ ದಿನ ನಿಮ್ಮ ಬ್ಲಾಗೂ ಹೋಗುತ್ತದೆ. 2003ರಿಂದ ನಡೆಯುತ್ತಿದ್ದ ಟೈಪ್‌ಪ್ಯಾಡ್ 2025ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅದಕ್ಕೇ ಡೊಮೇನ್ ಹೆಸರು, ಅಂದರೆ ತಾಣದ ವಿಳಾಸ, ನಿಮ್ಮದೇ ಆಗಿರಲಿ. ಒಳಗಿನ ತಂತ್ರಾಂಶ ವರ್ಡ್‌ಪ್ರೆಸ್ ಆಗಿರಲಿ, ಘೋಸ್ಟ್ ಆಗಿರಲಿ, ಎರಡೂ ಮುಕ್ತ ತಂತ್ರಾಂಶಗಳು. ವಿಳಾಸ ನಿಮ್ಮದಾಗಿದ್ದರೆ ನಾಳೆ ಒಳಗಿನದನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು.

ಸಮುದಾಯ ತಾಣ

ಸಮುದಾಯ ತಾಣ ಅಂದರೆ ಒಬ್ಬರ ಬ್ಲಾಗಲ್ಲ, ಸದಸ್ಯರೆಲ್ಲ ಬರೆಯುವ ಜಾಗ. ಇದರಲ್ಲಿ ಹೆಸರು ಮಾಡಿದ್ದು ಡೈಲಿ ಕೋಸ್. ಮಾರ್ಕೋಸ್ ಮೌಲಿಟ್ಸಾಸ್ ಅದನ್ನು 2002ರಲ್ಲಿ ಸ್ವಂತ ಬ್ಲಾಗಾಗಿಯೇ ಶುರು ಮಾಡಿದ್ದರು. 2003ರಲ್ಲಿ ತಂತ್ರಾಂಶ ಬದಲಿಸಿ ಓದುಗರೂ ಬರೆಯಬಹುದು ಅಂತ ಬಾಗಿಲು ತೆಗೆದರು. ಸದಸ್ಯರ ಬರಹಕ್ಕೆ ಅಲ್ಲಿ ಡೈರಿ ಅನ್ನುತ್ತಿದ್ದರು. ಓದಿದವರು ಡೈರಿಯನ್ನು ಶಿಫಾರಸು ಮಾಡುತ್ತಾರೆ. ಶಿಫಾರಸು ಜಾಸ್ತಿಯಾದರೆ ಅದು ಎಲ್ಲರ ಕಣ್ಣಿಗೆ ಬೀಳುವ ಪಟ್ಟಿಗೆ ಏರುತ್ತದೆ. ಹೆಸರೇ ಕೇಳಿರದ ಒಬ್ಬರ ಬರಹವನ್ನು ಸಂಜೆಯೊಳಗೆ ಸಾವಿರಾರು ಜನ ಓದಿರುತ್ತಾರೆ.

2007ರ ಕೊನೆಯಲ್ಲಿ ಅಲ್ಲಿ ಪೊಬ್ಲಾನೊ ಅನ್ನುವ ಹೆಸರಿನಲ್ಲಿ ಒಬ್ಬರು ಚುನಾವಣಾ ಸಮೀಕ್ಷೆಗಳ ಲೆಕ್ಕಾಚಾರ ಬರೆಯತೊಡಗಿದರು. ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಲೆಕ್ಕ ಚೆನ್ನಾಗಿತ್ತು, ಜನ ಓದಿದರು. 2008ರ ಮಾರ್ಚ್‌ನಲ್ಲಿ ಅವರು ಫೈವ್‌ಥರ್ಟಿಎಯ್ಟ್ ಅಂತ ಸ್ವಂತ ತಾಣ ಮಾಡಿಕೊಂಡರು. ಅವರೇ ನೇಟ್ ಸಿಲ್ವರ್. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ 50 ರಾಜ್ಯಗಳ ಪೈಕಿ 49ರ ಫಲಿತಾಂಶವನ್ನು ಅವರು ಸರಿಯಾಗಿ ಹೇಳಿದ್ದರು. ಹೊಸಬರಿಗೆ ಓದುಗರು ಬೇಗ ಸಿಗುವುದು ಇಂಥ ಕಡೆ. ಹೆಸರಿಗಿಂತ ಬರಹದ ತೂಕ ನೋಡುವ ಓದುಗರು ಅಲ್ಲಿ ಇರುತ್ತಾರೆ.

ಓದುಗರು ಸಿಗುವುದಕ್ಕಿಂತ ದೊಡ್ಡದು ಇನ್ನೊಂದಿದೆ, ತಿದ್ದುವವರು ಸಿಗುತ್ತಾರೆ. ನಾನು ಒಮ್ಮೆ ಕನಿಷ್ಠ ಕೂಲಿಯ ಬಗ್ಗೆ ಬರೆದಿದ್ದೆ. ಮೂರು ದಿನ ಕೂತು ಬರೆದ ಬರಹ. ಹಾಕಿದ ನಲವತ್ತು ನಿಮಿಷಕ್ಕೆ ಒಂದು ಕಮೆಂಟು ಬಂತು: "ಮೂರನೇ ಪ್ಯಾರಾದಲ್ಲಿ ಕೊಟ್ಟಿರುವ ಏರಿಕೆ ಒಂದು ವರ್ಷದ್ದಲ್ಲ, ಐದು ವರ್ಷದ್ದು. ಮೂಲ ಕೋಷ್ಟಕದ ಕೆಳಗಿನ ಸಾಲು ನೋಡಿ." ನೋಡಿದೆ. ಅವರು ಹೇಳಿದ್ದೇ ಸರಿ. ತಪ್ಪು ಸಂಖ್ಯೆಯನ್ನು ಅಳಿಸದೆ ಅದರ ಮೇಲೆ ಗೆರೆ ಎಳೆದೆ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದೆ, ಕೊನೆಯಲ್ಲಿ ಯಾವಾಗ ತಿದ್ದಿದೆ, ಯಾರು ತೋರಿಸಿದರು ಅಂತ ಹಾಕಿದೆ. ಆ ಓದುಗರು ಸಂಬಳದ ಲೆಕ್ಕ ಬರೆಯುವ ಕೆಲಸದಲ್ಲಿದ್ದವರು ಅಂತ ಆಮೇಲೆ ತಿಳಿಯಿತು. ಅಲ್ಲಿಂದ ಮುಂದೆ ಕೂಲಿಯ ಬಗ್ಗೆ ಏನೇ ಬರೆದರೂ ಹಾಕುವ ಮೊದಲು ಅವರಿಗೆ ಕಳಿಸುತ್ತಿದ್ದೆ. ಸ್ವಂತ ಬ್ಲಾಗಿನಲ್ಲಿ ಆ ತಪ್ಪು ಹಾಗೇ ಉಳಿದುಬಿಡುತ್ತಿತ್ತು. ಅದನ್ನು ಎದುರಾಳಿಗಳು ಹಿಡಿದಿದ್ದರೆ ಇಡೀ ಬರಹವೇ ಸುಳ್ಳು ಅನ್ನುತ್ತಿದ್ದರು.

ಈಗ ಇದರ ತೊಂದರೆಗಳು. ಮೊದಲನೆಯದು, ಜಾಗ ನಿಮ್ಮದಲ್ಲ. ನಾನು ನಾಲ್ಕು ವರ್ಷ ಬರೆದ ಒಂದು ಸಣ್ಣ ಸಮುದಾಯ ತಾಣ ಒಂದು ದಿನ ತೆರೆಯಲೇ ಇಲ್ಲ. ನಡೆಸುವವರಿಗೆ ಸರ್ವರ್ ಖರ್ಚು ಹೊರಲು ಆಗಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಷ್ಟು ವರ್ಷ ಕೈಯಿಂದ ಹಾಕಿ ನಡೆಸಿದ್ದರು. ಆದರೆ ನನ್ನ ಬರಹಗಳಲ್ಲಿ ಉಳಿದದ್ದು ಇಮೇಲ್ ಡ್ರಾಫ್ಟಿನಲ್ಲಿದ್ದ ಮೂವತ್ತು ಚಿಲ್ಲರೆ ಮಾತ್ರ. ಕಮೆಂಟುಗಳು ಒಂದೂ ಉಳಿಯಲಿಲ್ಲ. ಬರಹ ಹೋದದ್ದಕ್ಕಿಂತ ಆ ಮಾತುಕತೆ ಹೋದದ್ದು ಇವತ್ತಿಗೂ ನೋವು ಕೊಡುತ್ತದೆ. ಆವತ್ತಿನಿಂದ ನನಗೊಂದು ಅಭ್ಯಾಸ ಬಂದಿದೆ. ಮೊದಲು ಸ್ವಂತ ಬ್ಲಾಗಿನಲ್ಲಿ ಹಾಕುತ್ತೇನೆ, ಆಮೇಲೆ ಸಮುದಾಯದಲ್ಲಿ. ಒಳ್ಳೆಯ ಚರ್ಚೆ ನಡೆದರೆ ಆ ಪುಟವನ್ನೂ ಉಳಿಸಿಟ್ಟುಕೊಳ್ಳುತ್ತೇನೆ.

ಎರಡನೆಯದು, ಒಳಜಗಳ. ಒಂದೇ ಕಡೆ ಇರುವವರ ನಡುವೆ ಆಗುವ ಜಗಳ ಎದುರಾಳಿಗಳ ಜೊತೆ ಆಗುವುದಕ್ಕಿಂತ ಜೋರು. 2008ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಯಾರಾಗಬೇಕು, ಒಬಾಮಾ ಅವರಾ ಹಿಲರಿ ಕ್ಲಿಂಟನ್ ಅವರಾ ಅನ್ನುವ ವಾದ ಡೈಲಿ ಕೋಸ್‌ನಲ್ಲಿ ಎಷ್ಟು ಕಹಿಯಾಯಿತು ಅಂದರೆ ಕ್ಲಿಂಟನ್ ಬೆಂಬಲಿಗರ ಒಂದು ಗುಂಪು ಮಾರ್ಚ್‌ನಲ್ಲಿ ಬರೆಯುವುದನ್ನೇ ನಿಲ್ಲಿಸಿ ಮುಷ್ಕರ ಹೂಡಿತು. ನವೆಂಬರ್‌ನಲ್ಲಿ ಒಟ್ಟಿಗೆ ಮತ ಹಾಕಬೇಕಾದವರು ಮಾರ್ಚ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆದರು. ಚುನಾವಣೆ ಹತ್ತಿರ ಬಂದಾಗ ಇದು ಎಲ್ಲ ಸಮುದಾಯಗಳಲ್ಲೂ ಆಗುತ್ತದೆ. ತಡೆದುಕೊಳ್ಳುವ ಶಕ್ತಿ ಇದ್ದರೆ ಮಾತ್ರ ಆ ತಿಂಗಳುಗಳಲ್ಲಿ ಕಮೆಂಟುಗಳಿಗೆ ಇಳಿಯಿರಿ.

ಮೂರನೆಯದು, ನಾವು ಜಾಸ್ತಿ ಜನ ಇದ್ದೇವೆ ಅನ್ನುವ ಭ್ರಮೆ. 2006ರ ಆಗಸ್ಟ್‌ನಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಇರಾಕ್ ಯುದ್ಧದ ಪರ ಇದ್ದ ಸೆನೆಟರ್ ಜೋ ಲೀಬರ್‌ಮನ್ ಅವರನ್ನು ನೆಡ್ ಲಮಾಂಟ್ ಪಕ್ಷದೊಳಗಿನ ಚುನಾವಣೆಯಲ್ಲಿ ಸೋಲಿಸಿದರು. ಬ್ಲಾಗಿಗರ ಬೆಂಬಲ ಅದರಲ್ಲಿ ದೊಡ್ಡದಿತ್ತು. ಆದರೆ ನವೆಂಬರ್‌ನಲ್ಲಿ ಲೀಬರ್‌ಮನ್ ಪಕ್ಷೇತರರಾಗಿ ನಿಂತು ಗೆದ್ದರು. ನಮ್ಮ ಬಳಗದಲ್ಲಿ ಎಲ್ಲರೂ ಹೌದು ಅಂದದ್ದನ್ನು ಊರೆಲ್ಲ ಹೌದು ಅನ್ನುತ್ತದೆ ಅಂತ ಅಂದುಕೊಳ್ಳಬಾರದು.

ಇಮೇಲ್ ಪತ್ರ

ವಾರಕ್ಕೊಂದು ಸಲ ಓದುಗರ ಇಮೇಲಿಗೇ ಬರಹ ಕಳಿಸುವ ಕ್ರಮ ಇದು. ಇಂಥ ಪತ್ರ ನಡೆಸಲು ಸೇವೆ ಕೊಡುವ ಸಬ್‌ಸ್ಟ್ಯಾಕ್ 2017ರಲ್ಲಿ ಬಂದ ಮೇಲೆ ತುಂಬ ಜನ ಈ ಕಡೆ ಹೊರಳಿದರು. ದೊಡ್ಡ ಲಾಭ ಅಂದರೆ ಓದುಗರ ಪಟ್ಟಿ ನಿಮ್ಮ ಕೈಯಲ್ಲಿ ಇರುತ್ತದೆ. ಬೇರೆ ಸೇವೆಗೆ ಹೋಗಬೇಕಾದರೆ ಪಟ್ಟಿ ಇಳಿಸಿಕೊಂಡು ಹೋಗಬಹುದು. ನಡುವೆ ಯಾವ ಅಲ್ಗಾರಿದಂ ಕೂಡ ನಿಂತು ಇದು ತೋರಿಸೋಣ, ಇದು ಬೇಡ ಅನ್ನುವುದಿಲ್ಲ. ಓದುಗರಿಂದ ಹಣ ತೆಗೆದುಕೊಂಡರೆ ಸಬ್‌ಸ್ಟ್ಯಾಕ್ ಅದರಲ್ಲಿ ಶೇ. 10 ಇಟ್ಟುಕೊಳ್ಳುತ್ತದೆ, ಪಾವತಿಯ ಶುಲ್ಕ ಬೇರೆ.

ಇಲ್ಲಿ ಕೊರತೆ, ಓದುಗರು ಒಬ್ಬರಿಗೊಬ್ಬರು ಸಿಗುವುದು ಕಡಿಮೆ. ಪ್ರತಿಯೊಬ್ಬರೂ ನಿಮ್ಮ ಜೊತೆ ಮಾತಾಡುತ್ತಾರೆ, ತಮ್ಮ ತಮ್ಮಲ್ಲಿ ಮಾತಾಡುವುದಿಲ್ಲ. ಒಂದು ವಿಷಯವನ್ನು ಆಳವಾಗಿ ಬಲ್ಲವರಿಗೆ, ಉದಾಹರಣೆಗೆ ಕಾನೂನು, ಬಜೆಟ್, ಆರೋಗ್ಯ ನೀತಿ ಗೊತ್ತಿರುವವರಿಗೆ, ಇದು ಸರಿಯಾದ ಜಾಗ. ಚಳವಳಿ ಕಟ್ಟಬೇಕು ಅನ್ನುವವರಿಗೆ ಇದೊಂದೇ ಸಾಲದು.

ಸೋಶಿಯಲ್ ಮೀಡಿಯಾ

ಬೇಗ ಹರಡುವುದು ಇಲ್ಲೇ, ಅದರಲ್ಲಿ ಎರಡು ಮಾತಿಲ್ಲ. ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಅನ್ನುವ ಮೂರು ಪದಗಳು 2013ರ ಜುಲೈನಲ್ಲಿ ಫೇಸ್‌ಬುಕ್ಕಿನ ಒಂದು ಪೋಸ್ಟಿನಿಂದ ಹೊರಟವು. 2017ರ ಜನವರಿ 21ರಂದು ಲಕ್ಷಾಂತರ ಹೆಂಗಸರು ಬೀದಿಗಿಳಿದ ಮೆರವಣಿಗೆಗೂ ಮೊದಲ ಕರೆ ಹೋದದ್ದು ಫೇಸ್‌ಬುಕ್ಕಿನಿಂದಲೇ. ಸುದ್ದಿ ತಿಳಿಸಬೇಕಾ, ಜನರನ್ನು ಒಂದು ಜಾಗಕ್ಕೆ ಒಂದು ಹೊತ್ತಿಗೆ ಕರೆಯಬೇಕಾ, ಆಗ ಸೋಶಿಯಲ್ ಮೀಡಿಯಾ ಬಿಟ್ಟರೆ ಗತಿ ಇಲ್ಲ.

ಮೀ ಟೂ ವಿಷಯದಲ್ಲಿ ಒಂದನ್ನು ನೆನಪಿಡಬೇಕು. ಹ್ಯಾಶ್‌ಟ್ಯಾಗ್ ಜಗತ್ತಿಗೆಲ್ಲ ಹರಡಿದ್ದು 2017ರ ಅಕ್ಟೋಬರ್‌ನಲ್ಲಿ. ಆದರೆ ಟರಾನಾ ಬರ್ಕ್ ಆ ಮಾತನ್ನಿಟ್ಟುಕೊಂಡು ದೌರ್ಜನ್ಯಕ್ಕೆ ಒಳಗಾದ ಹುಡುಗಿಯರ ಜೊತೆ ಕೆಲಸ ಶುರು ಮಾಡಿದ್ದು 2006ರಲ್ಲಿ. ಹನ್ನೊಂದು ವರ್ಷ ಅವರು ಆ ಕೆಲಸವನ್ನು ಮಾಡಿಕೊಂಡು ಬಂದಿದ್ದರು.

ಇಲ್ಲಿ ಬರೆದದ್ದು ಮೂರನೇ ದಿನಕ್ಕೆ ಕೆಳಗೆ ಹೋಗಿಬಿಡುತ್ತದೆ. ಒಂದು ವರ್ಷದ ಹಿಂದಿನ ನಿಮ್ಮ ಒಳ್ಳೆಯ ಪೋಸ್ಟನ್ನು ನೀವೇ ಹುಡುಕಿ ನೋಡಿ, ಎಷ್ಟು ಹೊತ್ತು ಹಿಡಿಯುತ್ತದೆ ಅಂತ. ಜೊತೆಗೆ, ಸಿಟ್ಟು ಬರಿಸುವ ಸಾಲು ಹೆಚ್ಚು ಓಡುತ್ತದೆ, ವಿವರ ಇರುವ ಸಾಲು ನಿಧಾನ. ಇದು ಬರೆಯುವವರ ಕೈಯನ್ನೇ ಬದಲಿಸುತ್ತದೆ. ಒಂದು ವರ್ಷ ಬರೀ ಅಲ್ಲೇ ಬರೆದ ಮೇಲೆ ನನ್ನ ವಾಕ್ಯಗಳು ಗದರುವ ಹಾಗೆ ಆಗಿದ್ದವು. ಗೆಳತಿಯೊಬ್ಬರು "ಈಗೀಗ ನೀವು ಯಾರಿಗೂ ಏನೂ ವಿವರಿಸೋದೇ ಇಲ್ಲ" ಅಂದಾಗ ಎಚ್ಚರವಾಯಿತು.

ಒಂದು ಕಂಪನಿಯ ಹಿಡಿತ ಬೇಡ ಅನ್ನುವವರಿಗೆ 2016ರಲ್ಲಿ ಬಂದ ಮಾಸ್ಟೊಡಾನ್ ಇದೆ. ಅದರಲ್ಲಿ ಬೇರೆ ಬೇರೆ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ. ಸರ್ವರ್ ಬದಲಿಸಿದರೂ ಹಿಂಬಾಲಕರನ್ನು ಜೊತೆಗೆ ಕರೆದೊಯ್ಯಬಹುದು, ಹಳೆಯ ಪೋಸ್ಟುಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ಜನ ಕಡಿಮೆ, ಮಾತು ಸ್ವಲ್ಪ ನೆಮ್ಮದಿ.

ಯಾವ ಸಮುದಾಯ? ಒಳಗೆ ಹೋಗುವ ಮೊದಲು ನೋಡಬೇಕಾದದ್ದು

ಹೊಸಬರು ಸಾಮಾನ್ಯವಾಗಿ ಸದಸ್ಯರ ಸಂಖ್ಯೆ ನೋಡಿ ಸೇರುತ್ತಾರೆ. ನಾನು ನೋಡುವುದು ಬೇರೆ. ಎರಡು ವಾರ ಏನೂ ಬರೆಯದೆ ಸುಮ್ನೆ ಓದುತ್ತೇನೆ. ಅದರಲ್ಲೂ ಬರಹಗಳಿಗಿಂತ ಕಮೆಂಟುಗಳನ್ನು. ಒಬ್ಬರು ತಪ್ಪು ಹೇಳಿದಾಗ ಉಳಿದವರು ಹೇಗೆ ತಿದ್ದುತ್ತಾರೆ? ತಪ್ಪು ಮಾಡಿದವರು ಒಪ್ಪಿಕೊಂಡರೆ ಅಲ್ಲಿಗೆ ಬಿಡುತ್ತಾರಾ, ಇನ್ನೂ ಚುಚ್ಚುತ್ತಾರಾ? ತಮಗೆ ಬೇಕಾದ ಪಕ್ಷದ ನಾಯಕರು ತಪ್ಪು ಮಾಡಿದಾಗ ಅದನ್ನು ಬರೆಯಲು ಬಿಡುತ್ತಾರಾ? ಈ ಮೂರರಲ್ಲಿ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ತಮ್ಮವರನ್ನು ಪ್ರಶ್ನಿಸಲು ಬಿಡದ ಸಮುದಾಯ ಪಕ್ಷದ ಪ್ರಚಾರ ವಿಭಾಗ ಆಗುತ್ತದೆ. ಅಲ್ಲಿ ನಿಮ್ಮ ಬರಹ ಬೆಳೆಯುವುದಿಲ್ಲ.

ನಿಯಮ ಇರುವ ಕಡೆ ಹೋಗಲಾ, ಯಾವ ನಿಯಮವೂ ಇಲ್ಲದ ಕಡೆ ಹೋಗಲಾ ಅಂತ ಕೇಳಿದರೆ ನಿಯಮ ಇರುವ ಕಡೆಗೇ ಹೋಗಿ ಅನ್ನುತ್ತೇನೆ. ವಾಕ್ ಸ್ವಾತಂತ್ರ್ಯ ಅಂತ ಎಲ್ಲವನ್ನೂ ಬಿಟ್ಟ ಕಡೆ ಮೊದಲು ಬಾಯಿ ಮುಚ್ಚಿಕೊಂಡು ಹೊರಡುವವರು ಹೆಂಗಸರು, ಅಲ್ಪಸಂಖ್ಯಾತರು, ಹೊಸಬರು. ಉಳಿಯುವುದು ಗಟ್ಟಿ ಗಂಟಲಿನವರು. ಡೈಲಿ ಕೋಸ್‌ನಲ್ಲಿ 2005ರಲ್ಲೇ ಪಿತೂರಿ ಕಥೆಗಳ ಡೈರಿ ಬರೆದವರನ್ನು ಮೌಲಿಟ್ಸಾಸ್ ಹೊರಗೆ ಹಾಕಿದರು. ಆಗ ತುಂಬ ಜನ ಬೈದರು. ಆದರೆ ಆಧಾರ ಇಲ್ಲದ ಆರೋಪ ಒಂದು ಸಲ ನಿಮ್ಮ ತಾಣದ ಹೆಸರಿಗೆ ಅಂಟಿಕೊಂಡರೆ ಆಧಾರ ಇರುವ ಆರೋಪವನ್ನೂ ಯಾರೂ ನಂಬುವುದಿಲ್ಲ. ಅವರು ಮಾಡಿದ್ದು ಸರಿ ಅಂತಲೇ ನಾನು ಹೇಳುತ್ತೇನೆ.

ಹಾಗಂತ ನಿಯಮ ಇದ್ದರೆ ಸಾಕು ಅಂತಲ್ಲ. ಅದು ಎಲ್ಲರಿಗೂ ಕಾಣುವ ಹಾಗೆ ಬರೆದಿರಬೇಕು. ಯಾರದ್ದಾದರೂ ಕಮೆಂಟು ತೆಗೆದರೆ ಯಾಕೆ ತೆಗೆದರು ಅಂತ ಗೊತ್ತಾಗಬೇಕು. ಮೇಲ್ಮನವಿಗೆ ದಾರಿ ಇರಬೇಕು. ಚರ್ಚೆಯ ಮೇಲೆ ಕಣ್ಣಿಡುವ ಮಾಡರೇಟರ್‌ಗಳು ಯಾರು, ಎಷ್ಟು ಜನ ಅಂತ ತಿಳಿದಿರಬೇಕು. ಒಬ್ಬರೇ ಹಗಲೂ ರಾತ್ರಿ ನೋಡಿಕೊಳ್ಳುವ ಕಡೆ ಅವರು ಒಂದು ದಿನ ಸುಸ್ತಾಗಿ ಬಿಟ್ಟುಹೋಗುತ್ತಾರೆ. ಆ ಕೆಲಸಕ್ಕೆ ಸಂಬಳ ಇಲ್ಲ, ಸಿಗುವುದು ಬೈಗುಳ. ನಿಮ್ಮ ಸಮುದಾಯದಲ್ಲಿ ಅಂಥವರು ಇದ್ದರೆ ಒಂದು ಸಾಲು ಥ್ಯಾಂಕ್ಸ್ ಬರೆದು ಕಳಿಸಿ.

ದೊಡ್ಡದಾ, ಸಣ್ಣದಾ? ನೂರೈವತ್ತು ಜನರ ಗುಂಪಿನಲ್ಲಿ ನಿಮ್ಮನ್ನು ಹೆಸರು ಹಿಡಿದು ಗುರುತಿಸುತ್ತಾರೆ, ನೀವು ಒಂದು ವಾರ ಬರದಿದ್ದರೆ ಯಾಕೆ ಅಂತ ಕೇಳುತ್ತಾರೆ. ದೊಡ್ಡ ತಾಣದಲ್ಲಿ ಓದುಗರು ಜಾಸ್ತಿ, ಗೆಳೆತನ ಕಡಿಮೆ. ಆದರೆ ದೊಡ್ಡ ತಾಣದೊಳಗೇ ಸಣ್ಣ ಗುಂಪುಗಳು ಇರುತ್ತವೆ: ಹವಾಮಾನದ ಬಗ್ಗೆ ಬರೆಯುವವರು, ಕಾರ್ಮಿಕ ಕಾನೂನಿನವರು, ದಿನದ ಒಳ್ಳೆಯ ಬರಹಗಳನ್ನು ಆರಿಸಿ ಒಟ್ಟು ಮಾಡುವವರು. ಅಂಥ ಒಂದು ಗುಂಪನ್ನು ಹಿಡಿದುಕೊಂಡರೆ ಎರಡೂ ಸಿಕ್ಕಂತೆ.

ಪರದೆಯ ಆಚೆ ಭೇಟಿಯಾಗುವ ಸಮುದಾಯ ಸಿಕ್ಕರಂತೂ ಬಿಡಬೇಡಿ. ಡೈಲಿ ಕೋಸ್ ಓದುಗರು 2006ರಲ್ಲಿ ಲಾಸ್ ವೇಗಸ್‌ನಲ್ಲಿ ಮೊದಲ ಸಮಾವೇಶ ಮಾಡಿದರು. ಅದೇ ಮುಂದೆ ನೆಟ್‌ರೂಟ್ಸ್ ನೇಷನ್ ಅನ್ನುವ ವಾರ್ಷಿಕ ಸಭೆಯಾಗಿ ಬೆಳೆಯಿತು. ಒಂದು ಸಲ ಎದುರು ಕೂತು ಮಾತಾಡಿದವರು ಕಮೆಂಟಿನಲ್ಲಿ ಜಗಳ ಆಡಿದರೂ ಒಂದು ಮಿತಿಯೊಳಗೆ ಆಡುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು.

ಬರೆದ ಮೇಲೆ ಏನು? ಸಹಿ, ಚಂದಾ, ಫೋನು

ಬರಹ ಓದಿದವರು ಮುಂದೆ ಏನು ಮಾಡಬೇಕು ಅನ್ನುವುದನ್ನೂ ಹೋಲಿಸಿ ನೋಡಬೇಕು. ಸುಲಭವಾದದ್ದು ಸಹಿ ಸಂಗ್ರಹ. ಆಗಿನ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಮೇಲಿನ ಮಹಾಭಿಯೋಗದ ಗಲಾಟೆ ನಡೆಯುತ್ತಿದ್ದಾಗ 1998ರಲ್ಲಿ ಜೋನ್ ಬ್ಲೇಡ್ಸ್ ಮತ್ತು ವೆಸ್ ಬಾಯ್ಡ್ ಅನ್ನುವ ದಂಪತಿ ಒಂದು ಸಾಲಿನ ಮನವಿ ಬರೆದು ಗೆಳೆಯರಿಗೆ ಇಮೇಲ್ ಮಾಡಿದರು. ಅಧ್ಯಕ್ಷರನ್ನು ಖಂಡಿಸಿ, ಮುಂದಿನ ಕೆಲಸ ನೋಡಿ ಅನ್ನುವುದು ಅದರ ತಾತ್ಪರ್ಯ. ಲಕ್ಷಾಂತರ ಸಹಿ ಬಂತು. ಆದರೂ ಡಿಸೆಂಬರ್‌ನಲ್ಲಿ ಕೆಳಮನೆ ಮಹಾಭಿಯೋಗ ಅಂಗೀಕರಿಸಿತು. ಹಾಗಾದರೆ ಸಹಿ ವ್ಯರ್ಥವಾಯಿತಾ? ಇಲ್ಲ. ಸಹಿ ಮಾಡಿದವರ ಇಮೇಲ್ ಪಟ್ಟಿ ಉಳಿಯಿತು. ಅದರ ಮೇಲೆ ಮೂವ್‌ಆನ್ ಅನ್ನುವ ದೊಡ್ಡ ಸಂಘಟನೆ ಎದ್ದಿತು. ಸಹಿ ಸಂಗ್ರಹ ಮಾಡುವಾಗ ಸಹಿ ಹಾಕಿದವರನ್ನು ಮುಂದೆ ಎಲ್ಲಿಗೆ ಕರೆಯುತ್ತೀರಿ ಅಂತ ಮೊದಲೇ ಯೋಚಿಸಿ. ಅದಿಲ್ಲದಿದ್ದರೆ ಸುಮ್ನೆ ಸಂಖ್ಯೆ ಏರುತ್ತದೆ ಅಷ್ಟೇ.

ಚಂದಾ ಸಣ್ಣದಾದರೂ ಲೆಕ್ಕಕ್ಕೆ ಬರುತ್ತದೆ. 2004ರಲ್ಲಿ ಶುರುವಾದ ಆಕ್ಟ್‌ಬ್ಲೂ ಅಮೆರಿಕದ ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ಸಾಮಾನ್ಯ ಜನ ಐದು, ಹತ್ತು ಡಾಲರ್ ಕೊಡುವ ದಾರಿ ಮಾಡಿತು. ಆದರೆ ಹಣ ಮತ್ತು ಹುರುಪು ಎರಡೂ ಇದ್ದು ಸೋತವರೂ ಇದ್ದಾರೆ. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಲು ಹೊರಟಿದ್ದ ಹೊವರ್ಡ್ ಡೀನ್ 2003ರಲ್ಲಿ ಇಂಟರ್‌ನೆಟ್ ಮೂಲಕ ಜನರನ್ನೂ ಹಣವನ್ನೂ ಒಟ್ಟು ಮಾಡಿದ ರೀತಿ ಎಲ್ಲರ ಕಣ್ಣು ತೆರೆಸಿತು. ಆದರೂ 2004ರ ಜನವರಿಯಲ್ಲಿ ಅಯೊವಾ ರಾಜ್ಯದ ಪಕ್ಷದೊಳಗಿನ ಸ್ಪರ್ಧೆಯಲ್ಲಿ ಅವರು ಮೂರನೇ ಸ್ಥಾನಕ್ಕೆ ಇಳಿದರು.

ಎಲ್ಲಕ್ಕಿಂತ ಕಷ್ಟ ಮತ್ತು ಎಲ್ಲಕ್ಕಿಂತ ಕೆಲಸಕ್ಕೆ ಬರುವುದು ನಿಮ್ಮ ಸ್ವಂತ ಪ್ರತಿನಿಧಿಗೆ ಫೋನು ಮಾಡುವುದು, ಅವರ ಸಭೆಗೆ ಹೋಗಿ ಪ್ರಶ್ನೆ ಕೇಳುವುದು. 2016ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನಲ್ಲಿ ಕೆಲಸ ಮಾಡಿದ್ದ ಕೆಲವರು ಇದನ್ನೆಲ್ಲ ಹೇಗೆ ಮಾಡಬೇಕು ಅಂತ ಬರೆದು ಒಂದು ಗೂಗಲ್ ಡಾಕ್ ಆಗಿ ಹಂಚಿದರು. ಅದರಲ್ಲಿ ಇದ್ದದ್ದು ಸರಳವಾದ ಮಾತು: ಬೇರೆ ಊರಿನವರಿಗೆ ಕರೆ ಮಾಡಬೇಡಿ, ನಿಮ್ಮ ಕ್ಷೇತ್ರದವರಿಗೆ ಮಾಡಿ. ಒಂದು ಸಲಕ್ಕೆ ಒಂದೇ ಬೇಡಿಕೆ ಇಡಿ. ಅದರಿಂದ ಇಂಡಿವಿಸಿಬಲ್ ಅನ್ನುವ ಹೆಸರಿನಲ್ಲಿ ಸಾವಿರಾರು ಊರುಗಳಲ್ಲಿ ಗುಂಪುಗಳು ಹುಟ್ಟಿದವು. ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನನ್ನು ತೆಗೆಯುವ ಪ್ರಯತ್ನ 2017ರ ಜುಲೈ 28ರಂದು ಸೆನೆಟ್‌ನಲ್ಲಿ 49–51 ಮತಗಳಿಂದ ಬಿದ್ದಾಗ ಅದರ ಹಿಂದೆ ಇಂಥ ಗುಂಪುಗಳ ತಿಂಗಳುಗಟ್ಟಲೆ ಕೆಲಸ ಇತ್ತು.

ಆಮೇಲಿಂದ ನಾನು ಬರಹದ ಕೊನೆಯಲ್ಲಿ "ಎಲ್ಲರೂ ದನಿ ಎತ್ತಬೇಕು" ಅಂತ ಬರೆಯುವುದನ್ನು ಬಿಟ್ಟೆ. ಯಾರಿಗೆ ಕರೆ ಮಾಡಬೇಕು, ಯಾವ ದಿನದೊಳಗೆ, ಮೊದಲ ವಾಕ್ಯ ಏನು ಹೇಳಬೇಕು ಅಂತ ಬರೆಯುತ್ತೇನೆ. ಕಮೆಂಟಿನಲ್ಲಿ "ಮಾಡಿದೆ, ಅವರ ಸಹಾಯಕರು ಹೀಗೆ ಅಂದರು" ಅಂತ ಒಬ್ಬರು ಬರೆದರೆ ನೋಡಿ, ಅದರ ಕೆಳಗೆ ಇನ್ನೂ ಹತ್ತು ಜನ ಬರೆಯುತ್ತಾರೆ.

ಸ್ವಂತ ಹೆಸರಾ, ಬೇರೆ ಹೆಸರಾ?

ಕೆಲಸಕ್ಕೆ, ಮನೆಯವರಿಗೆ, ಜೀವಕ್ಕೆ ತೊಂದರೆ ಆಗಬಹುದು ಅನ್ನಿಸಿದರೆ ಬೇರೆ ಹೆಸರಿನಲ್ಲೇ ಬರೆಯಿರಿ. ಅದರಲ್ಲಿ ನಾಚಿಕೆಯ ಮಾತು ಇಲ್ಲ. ಒಂದೇ ಹೆಸರನ್ನು ವರ್ಷಗಟ್ಟಲೆ ಉಳಿಸಿಕೊಂಡರೆ ಆ ಹೆಸರಿಗೇ ನಂಬಿಕೆ ಬರುತ್ತದೆ. ಆದರೆ ಬೇರೆ ಹೆಸರು ಅಂದರೆ ಪೂರ್ತಿ ಮರೆ ಅಲ್ಲ. ಆ ಹೆಸರಿಗೆ ಬೇರೆಯೇ ಇಮೇಲ್ ಇಡಿ. ಫೋಟೊ ಹಾಕುವ ಮೊದಲು ಅದರಲ್ಲಿ ಅಡಗಿರುವ ಜಾಗದ ಮಾಹಿತಿ ತೆಗೆಯಿರಿ. ಎರಡು ಹಂತದ ಪಾಸ್‌ವರ್ಡ್ ಹಾಕಿ. ಕೆಲಸದ ಕಂಪ್ಯೂಟರಿನಿಂದ ಬರೆಯಬೇಡಿ. ಮೆರವಣಿಗೆಯ ಚಿತ್ರದಲ್ಲಿ ಬೇರೆಯವರ ಮುಖ ಕಂಡರೆ ಅವರನ್ನು ಕೇಳದೆ ಹಾಕಬೇಡಿ.

ಗುಂಪಿನೊಳಗಿನ ಮಾತಿಗೆ ಯಾವ ಆ್ಯಪ್ ಅಂತ ತುಂಬ ಜನ ಕೇಳುತ್ತಾರೆ. ವಾಟ್ಸ್ಆ್ಯಪ್ ಎಲ್ಲರ ಬಳಿಯೂ ಇದೆ, ಆದರೆ ಗುಂಪಿಗೆ ಸೇರಿದವರಿಗೆ ನಿಮ್ಮ ಫೋನ್ ನಂಬರ್ ಕಾಣಬಹುದು. ಟೆಲಿಗ್ರಾಂನಲ್ಲಿ ಒಂದು ಗುಂಪಿಗೆ 2 ಲಕ್ಷ ಜನರವರೆಗೆ ಸೇರಬಹುದು, ಆದರೆ ಗುಂಪಿನ ಮಾತು ಕಂಪನಿಗೂ ಓದಲಾಗದ ಹಾಗೆ ತುದಿಯಿಂದ ತುದಿಗೆ ಗೂಢಲಿಪಿಯಲ್ಲಿ ಇರುವುದಿಲ್ಲ. ಸೂಕ್ಷ್ಮ ವಿಷಯ ಮಾತಾಡುವ ಸಣ್ಣ ಗುಂಪಿಗೆ ನಾನು ಸಿಗ್ನಲ್ ಅನ್ನೇ ಹೇಳುತ್ತೇನೆ. ಅದರಲ್ಲಿ ನಂಬರ್ ಮುಚ್ಚಿಟ್ಟು ಯೂಸರ್‌ನೇಮ್ ಬಳಸಬಹುದು, ಸಂದೇಶ ತಾನಾಗಿ ಅಳಿಸಿಹೋಗುವ ಹಾಗೂ ಇಡಬಹುದು. ಯಾವ ಆ್ಯಪ್ ಆದರೂ ಒಂದು ಮಾತು: ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ನನಗೆ ಪರವಾಗಿಲ್ಲ ಅನ್ನುವುದನ್ನು ಮಾತ್ರ ದೊಡ್ಡ ಗುಂಪಿನಲ್ಲಿ ಬರೆಯಿರಿ.

ಎಲ್ಲಿಂದ ಶುರು ಮಾಡುವುದು

ವಾರಕ್ಕೆ ಎರಡು ಗಂಟೆ ಮಾತ್ರ ಸಿಗುತ್ತದೆ ಅನ್ನುವವರು ಬ್ಲಾಗು ತೆರೆಯಲು ಹೋಗಬೇಡಿ. ಒಂದು ಸಮುದಾಯಕ್ಕೆ ಸೇರಿ, ಒಳ್ಳೆಯ ಕಮೆಂಟು ಬರೆಯಿರಿ. ನಿಮಗೆ ಕೆಲಸದಿಂದ, ಓದಿನಿಂದ, ಬದುಕಿನಿಂದ ನೇರವಾಗಿ ಗೊತ್ತಿರುವ ವಿಷಯ ಬಂದಾಗ ಒಂದು ಪ್ಯಾರಾ ಬರೆದರೂ ಅದಕ್ಕೆ ಬೆಲೆ ಇದೆ. ನನ್ನ ಕೂಲಿಯ ಲೆಕ್ಕ ತಿದ್ದಿದವರು ಎಷ್ಟೋ ವರ್ಷ ಒಂದು ಡೈರಿಯನ್ನೂ ಬರೆಯಲಿಲ್ಲ. ಅವರ ಕಮೆಂಟು ಕಂಡರೆ ಮಾತ್ರ ನಾವೆಲ್ಲ ನಿಂತು ಓದುತ್ತಿದ್ದೆವು.

ವಾರಕ್ಕೆ ಆರೇಳು ಗಂಟೆ ಇದ್ದವರು ಒಂದೇ ವಿಷಯ ಹಿಡಿಯಿರಿ. ರಾಜಕೀಯ ಎಲ್ಲ ಬೇಡ. ಬಾಡಿಗೆ ಮನೆ, ನೀರು, ಶಾಲೆ, ಮತದಾರರ ಪಟ್ಟಿ, ಯಾವುದಾದರೂ ಒಂದು. ಡೊಮೇನ್ ತೆಗೆದುಕೊಳ್ಳಿ, ಅಲ್ಲಿ ಹಾಕಿ, ಮರುದಿನ ಸಮುದಾಯದಲ್ಲಿ ಹಾಕಿ, ಕಮೆಂಟಿಗೆ ಉತ್ತರ ಕೊಡಲು ಎರಡು ಗಂಟೆ ಬಿಡುವಿಟ್ಟುಕೊಂಡೇ ಹಾಕಿ. ಹಾಕಿ ಎದ್ದು ಹೋಗುವವರ ಬರಹವನ್ನು ಎರಡನೇ ಸಲ ಯಾರೂ ಅಷ್ಟಾಗಿ ಓದುವುದಿಲ್ಲ. ಮೊದಲ ಹತ್ತು ಬರಹ ಆಗುವವರೆಗೆ ಎಷ್ಟು ಜನ ನೋಡಿದರು ಅನ್ನುವ ಸಂಖ್ಯೆ ನೋಡಬೇಡಿ. ನಿಮ್ಮ ಬರಹದಲ್ಲಿ ಇಲ್ಲದ ಯಾವುದಾದರೂ ವಿಷಯವನ್ನು ಓದುಗರು ತಾವಾಗಿ ಸೇರಿಸಿದರಾ ಅಂತ ನೋಡಿ. ಅದು ಆಗುತ್ತಿದ್ದರೆ ಆ ಜಾಗದಲ್ಲೇ ಇರಿ. ಮೂರು ತಿಂಗಳಾದರೂ ಆಗಲಿಲ್ಲವಾ, ಬೇರೆ ಸಮುದಾಯ ಹುಡುಕಿ. ನಿಮ್ಮ ಬರಹಗಳಂತೂ ನಿಮ್ಮ ವಿಳಾಸದಲ್ಲೇ ಇರುತ್ತವೆ.